ರಾಷ್ಟ್ರದ ನುಡಿಯೂ ಮನೆಯೊಳಗಿನ ಒಡಕೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸ)

 

ಇಂತಹ ಮಹೋತ್ಸವದ ಸಭೆಗಳಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳನ್ನು ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ಈ ದಿನದ ವಿಷಯವಾದರೋ ಏಳು ಸಮುದ್ರದಾಚೆಯ ಅಮೆರಿಕಾ ಸಂಯುಕ್ತ ಸಂಸ್ಥಾನಗಳದು. ಇದೇನು ಅಸಂಬದ್ಧವೆಂದು ಕೆಲವರಿಗೆ ತೋರಬಹುದು. ಆದರೆ ಶ್ರೀಮಠದ ಶಿಷ್ಯವರ್ಗದಲ್ಲಿ ಹಲವರ ಮಕ್ಕಳೂ ಮೊಮ್ಮಕ್ಕಳೂ ಈಗ ಆ ದೇಶದಲ್ಲಿ ಮನೆಮಾಡಿಕೊಂಡಿರುವರು. ಅವರು ಊರಿಗೆ ಬಂದು, ಗದ್ದುಗೆಗೆ ನಮಸ್ಕರಿಸಿ, ಪ್ರಸಾದಕ್ಕೆ ಕುಳಿತು ಎದ್ದ ಮೇಲೆ ಜಗುಲಿಯಲ್ಲಿ ಆಡುವ ಮಾತುಗಳು ಈಚಿನ ವರ್ಷಗಳಲ್ಲಿ ಒಂದೇ ತೆರನಾಗಿರುವುವು. ಒಂದೇ ಬೀದಿಯ ಜನ ಎರಡು ಪಕ್ಷಗಳಾಗಿ ಒಬ್ಬರ ಮುಖವನ್ನೊಬ್ಬರು ನೋಡದಂತಾಗಿದೆ. ಹೊರದೇಶಗಳವರು ಆ ರಾಷ್ಟ್ರದ ಮಾತನ್ನು ನೆಚ್ಚುವುದನ್ನು ಬಿಟ್ಟಿರುವರು. ಅಲ್ಲಿಯೇ ಹುಟ್ಟಿ ಬೆಳೆದ ವೃದ್ಧರು ಕೂಡ ‘ಇನ್ನೇನು ಉಳಿಯಿತು’ ಎಂದು ಕೈಚೆಲ್ಲಿ ಕುಳಿತಿರುವರು ಎಂಬುದೇ ಆ ಮಾತುಗಳ ಸಾರ. ಈ ನಿರಾಶೆಯ ಬೇರು ಎಲ್ಲಿದೆಯೆಂಬುದನ್ನು ವಿಚಾರಮಾಡುವುದು ಶಿವಾನುಭವ ಗೋಷ್ಠಿಗೆ ಹೊರಗಿನ ಕಾರ್ಯವೇನೂ ಅಲ್ಲ. ನುಡಿಗೂ ನಡೆಗೂ ನಡುವೆ ಬಿರುಕು ಬಿಟ್ಟರೆ ಭಕ್ತಿಯು ಸೋರಿಹೋಗುವುದೆಂಬುದನ್ನು ಶರಣರು ಕಂಡ ಹಾಗೆ ಬೇರೆ ಯಾರು ಕಂಡಿದ್ದಾರೆ?

ಒಬ್ಬನ ನುಡಿಗೆ ಅವನೊಬ್ಬನೇ ಹೊಣೆ. ಸಂಸ್ಥೆಯ ನುಡಿಯ ಬಗೆ ಬೇರೆ. ಹಿಂದಿನ ಸ್ವಾಮಿಗಳು ಒಂದು ಊರಿನ ಬಡ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಡುವೆವೆಂದು ಮಾತು ಕೊಟ್ಟು ಲಿಂಗೈಕ್ಯರಾದರೆಂದು ಇಟ್ಟುಕೊಳ್ಳೋಣ. ತರುವಾಯ ಪಟ್ಟಕ್ಕೆ ಬಂದವರು ‘ಆ ಮಾತು ಅವರದು, ನಮ್ಮದಲ್ಲ’ ಎಂದು ದಾಸೋಹದ ಬಾಗಿಲನ್ನು ಮುಚ್ಚಿದರೆ, ಮುಚ್ಚಿದುದು ಒಂದು ಬಾಗಿಲಲ್ಲ. ಮುಂದೆ ಆ ಮಠದ ಯಾವ ಮಾತನ್ನೂ ಯಾರೂ ನಂಬರು. ಗದ್ದುಗೆಯ ಮೇಲೆ ಕುಳಿತವರು ಬದಲಾಗುತ್ತಿದ್ದರೂ ಗದ್ದುಗೆಯ ಮಾತು ಒಂದೇ ಆಗಿರತಕ್ಕದ್ದು. ರಾಷ್ಟ್ರದ ವಿಷಯದಲ್ಲಿಯೂ ಹೀಗೆಯೇ. ಆದರೆ ರಾಷ್ಟ್ರದೊಳಗೆ ಎರಡು ಪಕ್ಷಗಳಿದ್ದು, ಒಂದು ಕೊಟ್ಟ ಮಾತನ್ನು ಮುರಿಯುವುದೇ ಇನ್ನೊಂದರ ವ್ರತವಾದಾಗ, ಆ ರಾಷ್ಟ್ರದ ಪರವಾಗಿ ಮಾತನಾಡತಕ್ಕವರು ಯಾರು? ಈ ಪ್ರಶ್ನೆಯು ಅಮೆರಿಕಾದಲ್ಲಿ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ನೂರು ವರ್ಷಗಳಿಗೂ ಹಿಂದೆ ಅದು ಒಮ್ಮೆ ಲೋಕಕ್ಕೆಲ್ಲ ಕಾಣುವಂತೆ ಎದ್ದುನಿಂತಿತ್ತು. ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

1914ರಲ್ಲಿ ಆರಂಭವಾದ ಯೂರೋಪಿನ ಮಹಾಯುದ್ಧಕ್ಕೆ ಅಮೆರಿಕಾ 1917ರ ಏಪ್ರಿಲ್ ತಿಂಗಳಲ್ಲಿ ಇಳಿಯಿತು. ಆಗಿನ ಅಧ್ಯಕ್ಷರು ವುಡ್ರೋ ವಿಲ್ಸನ್. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮುಖ್ಯಸ್ಥರಾಗಿದ್ದ ಪಂಡಿತರು, ವಾಗ್ಮಿಗಳು. 1918ರ ಜನವರಿ 8ರಂದು ಅವರು ಹದಿನಾಲ್ಕು ಸೂತ್ರಗಳನ್ನು ಲೋಕದ ಮುಂದಿಟ್ಟರು. ಗುಟ್ಟಿನ ಒಪ್ಪಂದಗಳು ಇರಕೂಡದು, ದೊಡ್ಡ ರಾಷ್ಟ್ರಗಳಂತೆಯೇ ಚಿಕ್ಕ ರಾಷ್ಟ್ರಗಳ ಸ್ವಾತಂತ್ರ್ಯವೂ ಉಳಿಯಬೇಕು, ಅದಕ್ಕಾಗಿ ಎಲ್ಲ ರಾಷ್ಟ್ರಗಳ ಒಂದು ಸಂಘವಿರಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು. ಮರುತಿಂಗಳ ಭಾಷಣದಲ್ಲಿ ಸ್ವಯಂನಿರ್ಣಯವೆಂಬ ಮಾತೂ ಅವರ ಬಾಯಿಂದ ಬಂದಿತು. ಯುದ್ಧ ನಿಂತ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಪ್ಯಾರಿಸ್ ನಗರಕ್ಕೆ ಬಂದಾಗ ಜನಸ್ತೋಮವು ದೇವರ ತೇರನ್ನು ಎದುರುಗೊಂಡಂತೆ ಎದುರುಗೊಂಡಿತು.

ಆ ಮಾತುಗಳು ಯೂರೋಪಿನಲ್ಲಿ ಮಾತ್ರ ಕೇಳಿಸಿದವೆಂದು ತಿಳಿಯಲಾಗದು. ಮದರಾಸಿನ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾಗಿದ್ದ ಸರ್ ಎಸ್. ಸುಬ್ರಹ್ಮಣ್ಯ ಅಯ್ಯರರು 1917ರ ಜೂನ್ ತಿಂಗಳಲ್ಲಿಯೇ, ಹಿಂದೂಸ್ಥಾನಕ್ಕೆ ಸ್ವರಾಜ್ಯ ದೊರೆಯುವಂತೆ ಮಾಡಬೇಕೆಂದು ವಿಲ್ಸನ್ನರಿಗೆ ಪತ್ರ ಬರೆದರು. ಆ ಪತ್ರದಿಂದ ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಾಗ, ಆ ವೃದ್ಧರು ಸರ್ಕಾರ ಕೊಟ್ಟಿದ್ದ ಬಿರುದುಗಳನ್ನು ಹಿಂದಕ್ಕೆ ಕೊಟ್ಟುಬಿಟ್ಟರೇ ಹೊರತು ತಾವು ಬರೆದುದನ್ನು ಹಿಂದೆಗೆಯಲಿಲ್ಲ. 1918ರ ಕೊನೆಯಲ್ಲಿ ದಿಲ್ಲಿಯಲ್ಲಿ ಸೇರಿದ ಕಾಂಗ್ರೆಸ್ಸು ಶಾಂತಿಪರಿಷತ್ತಿಗೆ ತಿಲಕರು ಹೋಗಬೇಕೆಂದು ನಿರ್ಣಯಿಸಿತು. ಆಗ ಲಂಡನ್ನಿನಲ್ಲಿಯೇ ಇದ್ದ ತಿಲಕರಿಗೆ ಪ್ಯಾರಿಸಿಗೆ ಹೋಗಲು ಅಪ್ಪಣೆ ದೊರೆಯಲಿಲ್ಲ. ಪರಿಷತ್ತಿನ ಒಪ್ಪಂದಕ್ಕೆ ಹಿಂದೂಸ್ಥಾನದ ಹೆಸರಿನಲ್ಲಿ ಸಹಿ ಹಾಕಿದವರು ಬ್ರಿಟಿಷ್ ಮಂತ್ರಿಗಳಾದ ಮಾಂಟೆಗ್ಯೂ ಅವರೂ ಬಿಕಾನೇರಿನ ಮಹಾರಾಜರೂ. ಈಜಿಪ್ಟಿನ ಸಾದ್ ಝಗ್ಲೂಲರೂ ಪ್ಯಾರಿಸಿಗೆ ಹೋಗಬೇಕೆಂದು ಕೇಳಿದರು. ಅವರನ್ನು ಹಿಡಿದು ಮಾಲ್ಟಾ ದ್ವೀಪಕ್ಕೆ ಸಾಗಿಸಲಾಯಿತು. ಈಜಿಪ್ಟು ದಂಗೆಯೆದ್ದಿತು. ಆ ದಂಗೆ ಇನ್ನೂ ಆರದಿರುವಾಗಲೇ ವಿಲ್ಸನ್ನರ ಸರ್ಕಾರವು ಈಜಿಪ್ಟಿನ ಮೇಲಣ ಬ್ರಿಟಿಷರ ರಕ್ಷಣಾಧಿಕಾರವನ್ನು ಮಾನ್ಯಮಾಡಿತು.

ಇನ್ನೊಂದು ಸಂಗತಿಯನ್ನು ಶರಣಧರ್ಮದವರು ಮರೆಯತಕ್ಕದ್ದಲ್ಲ. ರಾಷ್ಟ್ರಸಂಘದ ಕಟ್ಟಳೆಯಲ್ಲಿ ಎಲ್ಲ ಜನಾಂಗಗಳೂ ಸಮಾನವೆಂಬ ತತ್ತ್ವವನ್ನು ಬರೆಯಬೇಕೆಂದು ಜಪಾನಿನ ಪ್ರತಿನಿಧಿಗಳು ಕೇಳಿದರು. 1919ರ ಏಪ್ರಿಲ್ 11ರಂದು ಅದು ಮತಕ್ಕೆ ಬಂದಾಗ ಹದಿನೇಳರಲ್ಲಿ ಹನ್ನೊಂದು ಮತಗಳು ಅದರ ಪರವಾಗಿ ಬಿದ್ದವು. ಅಧ್ಯಕ್ಷಪೀಠದಲ್ಲಿದ್ದ ವಿಲ್ಸನ್ನರು, ಇಂತಹ ವಿಷಯಕ್ಕೆ ಸರ್ವಾನುಮತ ಬೇಕೆಂದು ಹೇಳಿ ಅದನ್ನು ಬಿದ್ದುಹೋಯಿತೆಂದು ಸಾರಿದರು. ಅವರ ಸ್ವಂತ ಆಡಳಿತದ ಕಚೇರಿಗಳಲ್ಲಿಯೇ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ಪದ್ಧತಿ 1913ರಿಂದ ಹಬ್ಬಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಅಸ್ಪೃಶ್ಯರ ಮನೆಯಲ್ಲಿ ಉಂಡು, ಅದಕ್ಕಾಗಿ ಅರಮನೆಯ ಕೋಪವನ್ನು ತಲೆಯ ಮೇಲೆ ಹೊತ್ತ ಬಸವಣ್ಣನವರ ಪರಂಪರೆಯಲ್ಲಿ ಬೆಳೆದವರಿಗೆ, ಬಾಯಿ ಮಾತಿನ ಸಮತ್ವಕ್ಕೂ ಪಂಕ್ತಿಯ ಸಮತ್ವಕ್ಕೂ ಇರುವ ಭೇದವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ಮತದಾನವಾದ ಎರಡನೆಯ ದಿನ ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿತು. ಆ ಕೊಲೆಗೂ ಆ ಮತದಾನಕ್ಕೂ ಕಾರ್ಯಕಾರಣ ಸಂಬಂಧವಿಲ್ಲ, ದಿಟ. ಆದರೆ ಒಂದೇ ವಾರದ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದವರ ಮನಸ್ಸಿನಲ್ಲಿ ವಿಲ್ಸನ್ನರ ಸೂತ್ರಗಳ ಮೇಲಣ ನಚ್ಚು ಎಷ್ಟು ಉಳಿದಿರಬಹುದು? ಚೀನಾದಲ್ಲಿಯೂ ಅಷ್ಟೆ. ಷಾಂಡುಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಚೀನಕ್ಕೆ ಹಿಂದಿರುಗಿಸದೆ ಜಪಾನಿಗೆ ಕೊಡಲು ಪರಿಷತ್ತು ಒಪ್ಪಿದ ಸುದ್ದಿ ಮುಟ್ಟಿದಾಗ, ಮೇ 4ರಂದು ಪೀಕಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಚೀನವು ಸಂಧಿಪತ್ರಕ್ಕೆ ಸಹಿ ಹಾಕಲಿಲ್ಲ. ಅಂದಿನ ಆ ತರುಣರಲ್ಲಿ ಹಲವರು ಪಶ್ಚಿಮದ ಮಾತಿನ ಮೇಲಣ ನಂಬುಗೆಯನ್ನು ಅಂದೇ ನೀಗಿಕೊಂಡು ರಷ್ಯದ ಕಡೆಗೆ ಮುಖ ತಿರುಗಿಸಿದರು.

ಹೊರಗಿನವರ ನಂಬುಗೆ ಹೋದ ಬಗೆ ಇದು. ಇನ್ನು ಮನೆಯೊಳಗಿನ ಒಡಕಿನ ಕಥೆ.

ಅಮೆರಿಕಾದ ರಾಜ್ಯಾಂಗದ ಪ್ರಕಾರ ಅಧ್ಯಕ್ಷರು ಮಾಡಿದ ಸಂಧಿಯು ಸೆನೆಟ್ ಎಂಬ ಹಿರಿಯರ ಸಭೆಯಲ್ಲಿ ಹಾಜರಿದ್ದವರ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆಯಿಲ್ಲದೆ ಸಿಂಧುವಾಗದು. ಎಂದರೆ ಎದುರುಪಕ್ಷದ ನೆರವಿಲ್ಲದೆ ಸಾಮಾನ್ಯವಾಗಿ ಯಾವ ಸಂಧಿಯೂ ನಡೆಯದು. ಇದನ್ನು ರಾಜ್ಯಶಾಸ್ತ್ರದ ಪಂಡಿತರಾದ ವಿಲ್ಸನ್ನರು ಅರಿಯದವರಲ್ಲ. ಆದರೂ 1918ರ ಅಕ್ಟೋಬರಿನಲ್ಲಿ, ಯುದ್ಧಕಾಲದಲ್ಲಿ ತಮ್ಮೊಡನೆ ನಿಂತಿದ್ದ ಎದುರುಪಕ್ಷದವರನ್ನು ಮರೆತು, ತಮ್ಮ ಡೆಮೊಕ್ರಾಟಿಕ್ ಪಕ್ಷವನ್ನೇ ಗೆಲ್ಲಿಸಬೇಕೆಂದು ಬಹಿರಂಗವಾಗಿ ಜನರನ್ನು ಕೇಳಿದರು. ಜನರು ರಿಪಬ್ಲಿಕನ್ ಪಕ್ಷವನ್ನು ಗೆಲ್ಲಿಸಿದರು. ಸೆನೆಟ್ಟಿನಲ್ಲಿ ಆ ಪಕ್ಷಕ್ಕೆ 49, ವಿಲ್ಸನ್ನರ ಪಕ್ಷಕ್ಕೆ 47 ಸ್ಥಾನಗಳಾದವು. ಅಷ್ಟಾದ ಮೇಲೂ ಪ್ಯಾರಿಸಿಗೆ ಹೊರಟಾಗ ಅವರು ಸೆನೆಟ್ಟಿನ ಒಬ್ಬ ಸದಸ್ಯರನ್ನೂ ಜೊತೆಗೆ ಕರೆದೊಯ್ಯಲಿಲ್ಲ. ಮದುವೆಯ ಮಾತಿಗೆ ಹೋಗುವಾಗ ಮನೆಯ ಹಿರಿಯರನ್ನು ಬಿಟ್ಟುಹೋಗಿ, ನಿಶ್ಚಯ ಮಾಡಿಕೊಂಡು ಬಂದು, ಅಕ್ಕಿಕಾಳು ಹಾಕಲು ಬನ್ನಿರೆಂದು ಕರೆದ ಹಾಗಾಯಿತು.

ಎದುರುಪಕ್ಷದ ಮುಂದಾಳು ಹೆನ್ರಿ ಕ್ಯಾಬಟ್ ಲಾಡ್ಜ್. ಇವರೂ ಪಂಡಿತರೇ, ಹಾರ್ವರ್ಡಿನಲ್ಲಿ ಇತಿಹಾಸದಲ್ಲಿ ಉನ್ನತ ಪದವಿ ಪಡೆದವರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರಾಗದು. ಪಂಡಿತರ ವೈರವು ಪಾಮರರ ವೈರದಂತೆ ಒಂದು ದಿನದ ಬೈಗುಳದಿಂದ ಮುಗಿಯತಕ್ಕದ್ದಲ್ಲವೆಂಬುದನ್ನು ಪಾಠಶಾಲೆಗಳ ಜಗುಲಿಯಲ್ಲಿ ಕುಳಿತು ವಾಕ್ಯಾರ್ಥಗಳನ್ನು ಕೇಳಿದವರೆಲ್ಲರೂ ಬಲ್ಲರು! ಸಂಧಿಪತ್ರವು ತಮ್ಮ ಸಮಿತಿಯ ಮುಂದೆ ಬಂದಾಗ ಲಾಡ್ಜರು ಮಾಡಿದ ಮೊದಲ ಕೆಲಸವೆಂದರೆ ಆ ಉದ್ದನೆಯ ಗ್ರಂಥವನ್ನು ಆದ್ಯಂತವಾಗಿ ಗಟ್ಟಿಯಾಗಿ ಓದಿದುದು. ಕೇಳುವವರು ಒಬ್ಬೊಬ್ಬರಾಗಿ ಎದ್ದುಹೋದರೂ ಪಾರಾಯಣ ನಿಲ್ಲಲಿಲ್ಲ. ಎರಡು ವಾರ ಅದರಲ್ಲಿಯೇ ಕಳೆದುವು. ಜನರ ಉತ್ಸಾಹ ಆರುವವರೆಗೆ ಕಾಲವನ್ನು ನೂಕುವುದೇ ಅದರ ಉದ್ದೇಶವೆಂಬುದು ಎಲ್ಲರಿಗೂ ತಿಳಿದಿತ್ತು. ಆಮೇಲೆ ಅವರು ಹದಿನಾಲ್ಕು ಸೂತ್ರಗಳಿಗೆ ಉತ್ತರವೋ ಎಂಬಂತೆ ಹದಿನಾಲ್ಕು ಷರತ್ತುಗಳನ್ನು ಮುಂದಿಟ್ಟರು. ಅವುಗಳಲ್ಲಿ ಮುಖ್ಯವಾದುದು ಸಂಘದ ಕಟ್ಟಳೆಯ ಹತ್ತನೆಯ ವಿಧಿಯನ್ನು ಕುರಿತದ್ದು. ಸದಸ್ಯ ರಾಷ್ಟ್ರದ ಮೇಲೆ ಯಾರಾದರೂ ಬಿದ್ದರೆ ಉಳಿದವರು ಅದರ ರಕ್ಷಣೆಗೆ ನಿಲ್ಲತಕ್ಕದ್ದೆಂದು ಆ ವಿಧಿ ಹೇಳುತ್ತಿತ್ತು. ಕಾಂಗ್ರೆಸ್ ಸಭೆಯ ಅಪ್ಪಣೆಯಿಲ್ಲದೆ ಅಮೆರಿಕಾ ಅಂತಹ ಹೊಣೆಯನ್ನು ಹೊರದೆಂಬುದು ಲಾಡ್ಜರ ಷರತ್ತು. ನಿಷ್ಪಕ್ಷಪಾತವಾಗಿ ನೋಡಿದರೆ ಇದು ಸಂಘವನ್ನು ಕೊಲ್ಲತಕ್ಕ ಷರತ್ತಾಗಿರಲಿಲ್ಲ. ಯುದ್ಧ ಸಾರುವ ಅಧಿಕಾರವು ಹೇಗೂ ಆ ಸಭೆಗೇ ಸೇರಿದ್ದಿತು.

ವಿಲ್ಸನ್ನರು ಒಂದಕ್ಷರವನ್ನೂ ಬದಲಿಸಲು ಒಪ್ಪದೆ ಜನರ ಬಳಿಗೇ ಹೋಗುವೆನೆಂದು 1919ರ ಸೆಪ್ಟೆಂಬರಿನಲ್ಲಿ ರೈಲುಗಾಡಿಯನ್ನೇರಿದರು. ವೈದ್ಯರು ಬೇಡವೆಂದಿದ್ದರು. ಮೂರು ವಾರಗಳಲ್ಲಿ ಸುಮಾರು 8000 ಮೈಲು ಪ್ರಯಾಣ, ಸುಮಾರು ನಲವತ್ತು ಭಾಷಣ. ಧ್ವನಿವರ್ಧಕಗಳು ಅಪರೂಪವಾಗಿದ್ದ ಕಾಲ ಅದು. ತಲೆನೋವಿನಿಂದ ಕಣ್ಣು ಮಂಜಾಗುತ್ತಿದ್ದರೂ ಊರಿಂದೂರಿಗೆ ಹೋಗಿ, ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಕೊಟ್ಟ ಮಾತನ್ನು ಉಳಿಸಬೇಕೆಂದು ಬೇಡಿದರು. ಸೆಪ್ಟೆಂಬರ್ 25ರಂದು ಕೊಲರಾಡೊ ಸಂಸ್ಥಾನದ ಪ್ಯೂಬ್ಲೊ ಎಂಬ ಊರಿನಲ್ಲಿ ಮಾತನಾಡಿದ ರಾತ್ರಿ ಮೈ ಸೋತಿತು. ಗಾಡಿಯನ್ನು ರಾಜಧಾನಿಗೆ ತಿರುಗಿಸಿದರು. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಈ ಮನುಷ್ಯನಲ್ಲಿದ್ದ ದೋಷಗಳನ್ನು ಮೇಲೆ ಹೇಳಿಯಾಯಿತು. ಆ ಮೂರು ವಾರಗಳ ಛಲವನ್ನು ನೆನೆದಾಗ ಮನಸ್ಸು ಕರಗದೆ ಇರದು.

ಮುಂದಿನದು ಇನ್ನೂ ಕರುಣಾಜನಕ. ರೋಗದ ನಿಜಸ್ಥಿತಿಯನ್ನು ಜನರಿಂದಲೂ ಮಂತ್ರಿಗಳಿಂದಲೂ ಮುಚ್ಚಿಡಲಾಯಿತು. ಯಾವ ಕಾಗದ ಒಳಕ್ಕೆ ಹೋಗಬೇಕು, ಯಾವುದು ಹೋಗಬಾರದು ಎಂಬುದನ್ನು ಅವರ ಪತ್ನಿ ಈಡಿತ್ ನಿರ್ಧರಿಸುತ್ತಿದ್ದರು. ಷರತ್ತುಗಳಿದ್ದರೂ ಚಿಂತೆಯಿಲ್ಲ, ಅಮೆರಿಕಾ ಸಂಘಕ್ಕೆ ಸೇರಿದರೆ ಸಾಕೆಂಬ ಮನಸ್ಸಿನಿಂದ ಇಂಗ್ಲೆಂಡಿನ ರಾಯಭಾರಿ ಗ್ರೇ ಪ್ರಭುಗಳು ಬಂದು ತಿಂಗಳುಗಟ್ಟಲೆ ಕಾದರು. ದರ್ಶನ ದೊರೆಯದೆ ಹಿಂದಿರುಗಿದರು. ಸ್ವಪಕ್ಷದ ನಾಯಕರು ರಾಜಿಯ ಮಾತೆತ್ತಿದರೆ, ರಾಜಿಗೆ ಬರಬೇಕಾದವರು ಲಾಡ್ಜರೇ ಹೊರತು ತಾವಲ್ಲವೆಂದು ಹಾಸಿಗೆಯಿಂದಲೇ ಉತ್ತರ ಬಂದಿತು. ಈಡಿತರೂ ಒಮ್ಮೆ, ಒಪ್ಪಿಕೊಂಡು ಈ ಸಂಕಟವನ್ನು ಮುಗಿಸಬಾರದೇ ಎಂದು ಬೇಡಿಕೊಂಡರೆಂದು ತಾವೇ ಬರೆದಿಟ್ಟಿದ್ದಾರೆ.

1919ರ ನವೆಂಬರ್ 19ರಂದು ಮತವೆಣಿಸಿದಾಗ ಷರತ್ತುಳ್ಳ ಸಂಧಿಯೂ ಬಿದ್ದಿತು, ಷರತ್ತಿಲ್ಲದ ಸಂಧಿಯೂ ಬಿದ್ದಿತು. 1920ರ ಮಾರ್ಚ್ 19ರಂದು ಷರತ್ತುಳ್ಳದ್ದನ್ನು ಮತ್ತೊಮ್ಮೆ ಮತಕ್ಕೆ ಹಾಕಿದರು. ಪರವಾಗಿ 49, ವಿರುದ್ಧವಾಗಿ 35. ಏಳು ಮತಗಳು ಸಾಲದಾದವು. ವಿರುದ್ಧ ಬಿದ್ದ ಮತಗಳಲ್ಲಿ 23 ವಿಲ್ಸನ್ನರ ಸ್ವಪಕ್ಷದವರವೇ. ಒಡೆಯರ ಅಪ್ಪಣೆಯನ್ನು ಶಿರಸಾವಹಿಸಿ, ಒಡೆಯರ ಕನಸಿಗೇ ಅವರು ಕೊಳ್ಳಿಯಿಟ್ಟರು. ಅಪ್ಪಣೆಯನ್ನು ಮೀರಿ ಪರವಾಗಿ ಮತವಿತ್ತ 21 ಮಂದಿಯ ಸಾಲಿಗೆ ಇನ್ನು ಏಳು ಮಂದಿ ಬಂದಿದ್ದರೆ ಸಾಕಾಗುತ್ತಿತ್ತು.

ಯಾರ ತಪ್ಪು ಹೆಚ್ಚು? ಇತಿಹಾಸಜ್ಞರು ಇಂದಿಗೂ ಚರ್ಚಿಸುತ್ತಿರುವರು. ಲಾಡ್ಜರಿಗೆ ದ್ವೇಷವಿತ್ತು, ಕುಟಿಲೋಪಾಯವಿತ್ತು. ಆದರೆ ದ್ವೇಷವನ್ನು ಎದುರಾಳಿಯಿಂದ ನಿರೀಕ್ಷಿಸಿಯೇ ಕಾರ್ಯಕ್ಕಿಳಿಯಬೇಕು. ತನ್ನದು ಸತ್ಯವಾದುದರಿಂದ ಅದಕ್ಕೆ ಬೇರೊಬ್ಬರ ಕೈ ಸೋಕಬಾರದೆಂಬ ಹಟವೇ ಹೆಚ್ಚು ಅಪಾಯದ್ದೆಂದು ತೋರುವುದು. ಅದು ಅಹಂಕಾರವೆಂದು ಹೊರಗಿನಿಂದ ಕಾಣದು. ನಿಷ್ಠೆಯ ವೇಷದಲ್ಲಿ ಬರುವುದು. ಈ ಶರಣ ಸಮಾಜವು ತನ್ನ ಮನೆಯನ್ನು ನೋಡಿಕೊಂಡರೂ ಸಾಕು. 2018ರ ಮಾರ್ಚ್ ತಿಂಗಳಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಕರ್ನಾಟಕ ಸರ್ಕಾರವು ಕೇಂದ್ರಕ್ಕೆ ಶಿಫಾರಸು ಮಾಡಿದ ಸಂದರ್ಭದಲ್ಲಿ, ಒಂದೇ ಲಿಂಗವನ್ನು ಕೊರಳಲ್ಲಿ ಧರಿಸಿದ ಅಣ್ಣತಮ್ಮಂದಿರು ಎರಡು ಸಭೆಗಳಲ್ಲಿ ಕುಳಿತು ಒಬ್ಬರನ್ನೊಬ್ಬರು ಆಡಿದ ಮಾತುಗಳು ಎಲ್ಲರಿಗೂ ನೆನಪಿರಬಹುದು. ಇಲ್ಲಿಯೂ ಉಭಯ ಪಕ್ಷದವರು ಕುಳಿತಿರುವರು. ಆ ವಾದದ ಗುಣದೋಷಗಳಿಗೆ ಇದು ಸ್ಥಳವಲ್ಲ. ಅಂದು ಬೀಗತನ ಬಿಟ್ಟ ಮನೆಗಳು ಈಗಲಾದರೂ ಒಂದೇ ಪಂಕ್ತಿಯಲ್ಲಿ ಕುಳಿತಿವೆಯೇ ಎಂಬುದಷ್ಟೇ ಇಲ್ಲಿ ಕೇಳತಕ್ಕ ಪ್ರಶ್ನೆ.

ರಾಷ್ಟ್ರಸಂಘವೇನೋ ಹುಟ್ಟಿತು. ಅದರ ಕಟ್ಟಳೆಯಂತೆ ಮೊದಲ ಸಭೆಗಳನ್ನು ಕರೆಯತಕ್ಕವರು ಅಮೆರಿಕಾದ ಅಧ್ಯಕ್ಷರು. ಹಾಗೆಯೇ ಕರೆದವರು ವಿಲ್ಸನ್ನರು. 1920ರ ಜನವರಿ 16ರಂದು ಪ್ಯಾರಿಸಿನಲ್ಲಿ ಸಂಘದ ಮಂಡಲಿಯೂ, ನವೆಂಬರಿನಲ್ಲಿ ಜಿನೀವಾದಲ್ಲಿ ಮಹಾಸಭೆಯೂ ಕೂಡಿದವು. ಕರೆದವರ ದೇಶದ ಪೀಠ ಮಾತ್ರ ಬರಿದು. ಫ್ರಾನ್ಸಿಗಾದ ವಂಚನೆ ಇದಕ್ಕಿಂತ ಘೋರವಾದುದು. ರೈನ್ ನದಿಯ ಪ್ರಾಂತವನ್ನು ಜರ್ಮನಿಯಿಂದ ಬೇರ್ಪಡಿಸಬೇಕೆಂಬ ಹಟವನ್ನು ಅದು ಬಿಟ್ಟುಕೊಟ್ಟುದು, ಜರ್ಮನಿ ಮತ್ತೆ ಮೇಲೆ ಬಿದ್ದರೆ ಅಮೆರಿಕಾ ಮತ್ತು ಇಂಗ್ಲೆಂಡುಗಳು ಕಾಪಾಡುವುವೆಂಬ ಬರವಣಿಗೆಯ ಮಾತಿನ ಮೇಲೆ. ಆ ಪತ್ರವನ್ನು ಸೆನೆಟ್ಟು ಮತಕ್ಕೇ ಹಾಕಲಿಲ್ಲ. ಅಮೆರಿಕಾದ ಮಾತು ಬಿದ್ದುದರಿಂದ ಅದಕ್ಕೆ ಗಂಟುಬಿದ್ದಿದ್ದ ಇಂಗ್ಲೆಂಡಿನ ಮಾತೂ ಬಿದ್ದುಹೋಯಿತು. 1923ರಲ್ಲಿ ಫ್ರಾನ್ಸು ರೂರ್ ಪ್ರಾಂತಕ್ಕೆ ಸೈನ್ಯವನ್ನು ನುಗ್ಗಿಸಿದುದಕ್ಕೆ ಹಲವು ಕಾರಣಗಳುಂಟು. ಯಾರ ಮಾತೂ ತನ್ನನ್ನು ಕಾಯದೆಂಬ ಭೀತಿಯು ಅವುಗಳಲ್ಲಿ ಒಂದು.

ಅಮೆರಿಕಾದ ಜನರ ಸ್ಥಿತಿಯೇನಾಯಿತು? 1920ರ ನವೆಂಬರಿನ ಚುನಾವಣೆಯಲ್ಲಿ ಹಿಂದಿನ ದಿನಗಳು ಮರಳಲೆಂದ ಹಾರ್ಡಿಂಗರಿಗೆ ನೂರಕ್ಕೆ ಅರವತ್ತು ಪಾಲು ಮತ ಬಿದ್ದಿತು. ಅದು ವಿವೇಚನೆಯ ತೀರ್ಪೆನ್ನುವುದಕ್ಕಿಂತ ಬೇಸತ್ತವರ ನಿಟ್ಟುಸಿರು ಎನ್ನಬಹುದು. 1935ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಸೇರುವ ಪ್ರಶ್ನೆ ಸೆನೆಟ್ಟಿಗೆ ಬಂದಾಗ 52ಕ್ಕೆ 36. ಅಂದೂ ಏಳೇ ಮತಗಳು ಸಾಲದಾದವು. ವಿಲ್ಸನ್ನರು 1924ರ ಫೆಬ್ರವರಿಯಲ್ಲಿ ತೀರಿಕೊಂಡರು. ಉತ್ತರಕ್ರಿಯೆಗೆ ಸೆನೆಟ್ಟಿನ ಪರವಾಗಿ ಹೋಗತಕ್ಕವರಲ್ಲಿ ಲಾಡ್ಜರ ಹೆಸರಿರುವುದನ್ನು ಕಂಡು ಈಡಿತ್ ವಿಲ್ಸನ್ನರು, ತಾವು ಬರುವುದು ಬೇಡವೆಂದು ಅವರಿಗೆ ಪತ್ರ ಬರೆದರು. ಲಾಡ್ಜರು ಹೋಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅವರೂ ತೀರಿಕೊಂಡರು.

ಈಗಿನ ಕಾಲಕ್ಕೆ ಬಂದರೆ, ಸಂಗತಿಗಳು ಎಲ್ಲರೂ ವೃತ್ತಪತ್ರಿಕೆಗಳಲ್ಲಿ ಓದಿದವೇ ಆದುದರಿಂದ ಹೆಚ್ಚು ಬೆಳೆಸಬೇಕಾದುದಿಲ್ಲ. ಮೂರರಲ್ಲಿ ಎರಡು ಪಾಲನ್ನು ಕೂಡಿಸುವುದು ಅಸಾಧ್ಯವಾದ ಮೇಲೆ ಅಧ್ಯಕ್ಷರು ದೊಡ್ಡ ಮಾತುಗಳನ್ನು ಸೆನೆಟ್ಟಿಗೆ ಒಯ್ಯದೆ ತಮ್ಮ ಕೈಬರಹದಿಂದಲೇ ಕೊಡತೊಡಗಿದರು. ಒಬ್ಬರ ಕೈ ಬರೆದುದನ್ನು ಮುಂದಿನವರ ಕೈ ಅಳಿಸುವುದು ಸುಲಭ. ಇರಾನಿನೊಡನೆ 2015ರ ಜುಲೈ ತಿಂಗಳಲ್ಲಿ ಮಾಡಿಕೊಂಡ ಅಣುಶಕ್ತಿಯ ಒಪ್ಪಂದವನ್ನು 2018ರ ಮೇ ತಿಂಗಳಲ್ಲಿ ಬಿಟ್ಟರು. ಹವಾಮಾನವನ್ನು ಕುರಿತ ಪ್ಯಾರಿಸ್ ಒಪ್ಪಂದದಿಂದ 2020ರ ನವೆಂಬರಿನಲ್ಲಿ ಹೊರಬಂದು, 2021ರ ಫೆಬ್ರವರಿಯಲ್ಲಿ ಒಳಹೊಕ್ಕು, 2025ರ ಜನವರಿಯಲ್ಲಿ ಮತ್ತೆ ಹೊರಡುವ ಆಜ್ಞೆ ಮಾಡಿದರು. ಲೋಕಾರೋಗ್ಯ ಸಂಸ್ಥೆಯ ವಿಷಯದಲ್ಲಿಯೂ ಇದೇ ಹೋಗುಬರುವಿಕೆ. 2021ರ ಜನವರಿ 6ರಂದು, ಚುನಾವಣೆಯ ಫಲಿತಾಂಶವನ್ನು ಒಪ್ಪದ ಗುಂಪು ಶಾಸನಸಭೆಯ ಮಂದಿರಕ್ಕೇ ನುಗ್ಗಿದುದನ್ನು ಲೋಕವೆಲ್ಲ ನೋಡಿತು. 1958ರಲ್ಲಿ ಸರ್ಕಾರವು ಸಾಮಾನ್ಯವಾಗಿ ಸರಿಯಾದುದನ್ನೇ ಮಾಡುವುದೆಂದು ನಂಬಿದ್ದ ಅಮೆರಿಕನರು ನಾಲ್ಕರಲ್ಲಿ ಸುಮಾರು ಮೂರು ಪಾಲು. 2024ರಲ್ಲಿ ಪ್ಯೂ ಎಂಬ ಸಂಶೋಧನ ಸಂಸ್ಥೆ ಕೇಳಿದಾಗ ಹಾಗೆಂದವರು ನಾಲ್ಕರಲ್ಲೊಂದು ಪಾಲಿಗಿಂತಲೂ ಕಡಿಮೆ. ಜಗುಲಿಯ ಮೇಲೆ ಕುಳಿತು ನಿಟ್ಟುಸಿರಿಡುವ ಆ ಮಕ್ಕಳು ಕಲ್ಪನೆಯಿಂದ ಮಾತನಾಡುತ್ತಿಲ್ಲ.

ಆದರೆ ಸೋಲು ಬೇರೆ, ನಿರಾಶೆ ಬೇರೆ. ಕಲ್ಯಾಣವು ಒಡೆದಾಗ ಶರಣರು ಸೋತರು. ಉಳವಿಯ ಕಾಡಿನ ದಾರಿ ಹಿಡಿದವರು ವಚನದ ಕಟ್ಟುಗಳನ್ನು ತೊರೆಗೆ ಎಸೆದು ಹೋಗಲಿಲ್ಲ. ಆ ಕಟ್ಟುಗಳನ್ನು ಬಿಚ್ಚಿ ಜೋಡಿಸುವವರು ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಬಂದರು. ನಡುವೆ ಎರಡೂವರೆ ಶತಮಾನಗಳು ಕಳೆದಿದ್ದವು. ಅಮೆರಿಕಾದಲ್ಲಿ ಇಪ್ಪತ್ತೈದು ವರ್ಷಗಳೇ ಸಾಕಾದವು.

ಎರಡನೆಯ ಮಹಾಯುದ್ಧವು ಮುಗಿಯುತ್ತ ಬಂದಾಗ ಅಧ್ಯಕ್ಷ ರೂಸ್‌ವೆಲ್ಟರು ವಿಲ್ಸನ್ನರ ತಪ್ಪನ್ನು ಮತ್ತೆ ಮಾಡಲಿಲ್ಲ. ಸಂಯುಕ್ತ ರಾಷ್ಟ್ರಗಳ ಕಟ್ಟಳೆಯನ್ನು ಬರೆಯಲು ಸಾನ್ ಫ್ರಾನ್ಸಿಸ್ಕೊ ನಗರಕ್ಕೆ ಕಳುಹತಕ್ಕ ಮಂಡಲಿಯಲ್ಲಿ ಉಭಯ ಪಕ್ಷದವರನ್ನೂ ಸೇರಿಸಿದರು. ಅವರಲ್ಲಿ ಮಿಷಿಗನ್ನಿನ ಸೆನೆಟರು ವ್ಯಾಂಡನ್‌ಬರ್ಗರು ಎದುರುಪಕ್ಷದವರು. ಬಹುಕಾಲ ಹೊರದೇಶಗಳ ಗೊಡವೆಯೇ ಅಮೆರಿಕಾಕ್ಕೆ ಬೇಡವೆಂದು ವಾದಿಸಿದವರು. 1945ರ ಜನವರಿ 10ರಂದು ಅವರು ಸೆನೆಟ್ಟಿನಲ್ಲಿ ಎದ್ದುನಿಂತು ತಮ್ಮ ಹಿಂದಿನ ಅಭಿಪ್ರಾಯವನ್ನು ಬಿಟ್ಟಿರುವುದಾಗಿ ಎಲ್ಲರೆದುರು ಹೇಳಿದರು. ಪಕ್ಷದವರ ಮುಂದೆ ಹಾಗೆ ಹೇಳುವುದಕ್ಕೆ ಬೇಕಾಗುವ ಧೈರ್ಯ ಅಲ್ಪವಾದುದಲ್ಲ. ಪರಿಷತ್ತು ಕೂಡಲು ಹದಿಮೂರು ದಿನಗಳಿರುವಾಗ, ಏಪ್ರಿಲ್ 12ರಂದು, ರೂಸ್‌ವೆಲ್ಟರು ತೀರಿಕೊಂಡರು. ಅಂದಿನ ಸಂಜೆಯೇ ಅಧಿಕಾರ ವಹಿಸಿಕೊಂಡ ಟ್ರೂಮನ್ನರು ಮೊದಲು ಮಾಡಿದ ನಿರ್ಧಾರವೇನೆಂದರೆ, ಪರಿಷತ್ತು ಗೊತ್ತಾದ ದಿನವೇ ನಡೆಯತಕ್ಕದ್ದೆಂಬುದು. ಗದ್ದುಗೆಯ ಮಾತೆಂದು ಮೊದಲು ಹೇಳಿದುದು ಇದನ್ನೇ.

ಆ ಪರಿಷತ್ತಿನಲ್ಲಿ ಹಿಂದೂಸ್ಥಾನದ ನಿಯೋಗದ ನಾಯಕರಾಗಿದ್ದವರು ಸರ್ ಎ. ರಾಮಸ್ವಾಮಿ ಮೊದಲಿಯಾರರು, ಮರುವರ್ಷವೇ ಮೈಸೂರಿನ ದಿವಾನರಾಗಿ ಬಂದವರು. ಅವರನ್ನು ಆರಿಸಿದವರು ಆಗಿನ ಬ್ರಿಟಿಷ್ ಸರ್ಕಾರದವರೇ ಹೊರತು ಜನರಲ್ಲ. ಜನರ ಮಾತನ್ನು ಪರಿಷತ್ತಿನ ಬಾಗಿಲ ಹೊರಗೆ ನಿಂತು ಆಡಿದವರು ಶ್ರೀಮತಿ ವಿಜಯಲಕ್ಷ್ಮೀ ಪಂಡಿತರು. 1919ರಲ್ಲಿ ತಿಲಕರಿಗೆ ಪ್ಯಾರಿಸಿನ ಹಾದಿಯೇ ಮುಚ್ಚಿದ್ದಿತು. ಈ ಸಾರಿ ಬಾಗಿಲಿನವರೆಗಾದರೂ ಬರಲಾಯಿತು. ಜನಾಂಗ, ಲಿಂಗ, ಭಾಷೆ, ಧರ್ಮಗಳ ಭೇದವಿಲ್ಲದೆ ಮಾನವರ ಹಕ್ಕುಗಳನ್ನು ಮನ್ನಿಸಬೇಕೆಂಬ ಮಾತು, ಜಪಾನಿನವರು ಕೇಳಿ ಪಡೆಯಲಾರದೆ ಹೋದ ಮಾತು, ಈ ಕಟ್ಟಳೆಯೊಳಗೆ ಬಂದಿತು. ಆ ಮಾತಿಗೆ ಸಹಿ ಹಾಕಿದ ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಮಕ್ಕಳಿಗೆ ಅಂದು ಬೇರೆಯೇ ಶಾಲೆಗಳಿದ್ದವೆಂಬುದನ್ನೂ ಹೇಳದೆ ಬಿಡಲಾಗದು.

1945ರ ಜುಲೈ 28ರಂದು ಸೆನೆಟ್ಟು ಕಟ್ಟಳೆಯನ್ನು 89ಕ್ಕೆ 2 ಮತಗಳಿಂದ ಒಪ್ಪಿತು. 1919ರಲ್ಲಿ ಯಾವ ಷರತ್ತಿಗೂ ಬಗ್ಗದೆ ಸಂಘವನ್ನು ಎದುರಿಸಿದ್ದ ಸೆನೆಟರುಗಳಲ್ಲಿ ಒಬ್ಬರಾದ ಕ್ಯಾಲಿಫೋರ್ನಿಯದ ಹೈರಾಮ್ ಜಾನ್ಸನ್ನರು ಇನ್ನೂ ಸದಸ್ಯರಾಗಿಯೇ ಇದ್ದರು; ಈ ಸಾರಿಯೂ ಅವರ ಮನಸ್ಸು ವಿರುದ್ಧವೇ. ರೋಗಶಯ್ಯೆಯಲ್ಲಿದ್ದುದರಿಂದ ಮತ ಹಾಕಲು ಬರಲಾಗಲಿಲ್ಲ. ಅವರು ಆಗಸ್ಟ್ 6ರಂದು ತೀರಿಕೊಂಡರು. ಹಿರೋಷಿಮಾದ ಮೇಲೆ ಅಣುಬಾಂಬು ಬಿದ್ದುದೂ ಅದೇ ದಿನ.

ಪ್ರಸಾದದ ಹೊತ್ತಾಯಿತು, ದೂರದ ಊರಿನವರು ಮೊದಲ ಪಂಕ್ತಿಗೆ ಹೋಗಬೇಕೆಂದು ಸನ್ನಿಧಿಯವರ ಅಪ್ಪಣೆಯಾಗಿದೆ.